ಪಾಠವೂ ಪರೋಪಕಾರವೂ

ಕೆಲವು ದಿನಗಳ ಹಿಂದೆ ಜಯನಗರದ ನಮ್ಮ ಮನೆಗೆ ಹಳೆಯ ಶಿಷ್ಯೆಯೊಬ್ಬಳು ಬಂದಿದ್ದಳು. ವಿದೇಶದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಆಕೆಗೆ ದೊರೆತಿದೆ. ಅಲ್ಲಿಯ ಬಡವರ ನಡುವೆ ಸೇವೆಯನ್ನೂ ಮಾಡಬೇಕೆಂಬ ಹಂಬಲ. “ಎರಡನ್ನೂ ಸರಿದೂಗಿಸುವುದು ಹೇಗೆ, ಸರ್?” ಎಂದು ಕೇಳಿದಳು. ನಾನು ಕನ್ನಡದ ಮೇಷ್ಟರು, ಕಡಲು ದಾಟಿದವನಲ್ಲ. ಆದರೆ ದಾಟಿದ ಗೆಳೆಯನೊಬ್ಬನ ಪತ್ರಗಳು ನನ್ನ ಪೆಟ್ಟಿಗೆಯಲ್ಲಿದ್ದವು. ಅವನ್ನು ಹೊರತೆಗೆದೆ.

ಇಥಿಯೋಪಿಯದ ಶಾಲೆಗಳಲ್ಲಿ ಭಾರತೀಯ ಉಪಾಧ್ಯಾಯರು ದಶಕಗಳ ಕಾಲ ದುಡಿದರು. ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಮೊದಲಾದ ಈ ಪರಿಪಾಠ 1974ರ ಕ್ರಾಂತಿಯ ಅನಂತರವೂ ಉಳಿಯಿತು. ಆಗ ಅಲ್ಲಿ ಪ್ರಾಥಮಿಕ ಶಿಕ್ಷಣ ಅಮ್ಹಾರಿಕ್ ಭಾಷೆಯಲ್ಲಿ, ಪ್ರೌಢ ಶಿಕ್ಷಣ ಇಂಗ್ಲಿಷಿನಲ್ಲಿ. ಹಳ್ಳಿಯ ಹುಡುಗನಿಗೆ ಗಣಿತ, ವಿಜ್ಞಾನಗಳ ಬಾಗಿಲು ತೆರೆಯಬೇಕಾದರೂ ಇಂಗ್ಲಿಷೇ ಕೀಲಿಕೈ.

ಗೆಳೆಯ ಅಲ್ಲಿದ್ದಾಗಲೇ 1984–85ರ ಭೀಕರ ಕ್ಷಾಮ ಬಂದಿತು. ಧಾನ್ಯ ಹಂಚುವ ಶಿಬಿರಕ್ಕೆ ಆತ ಪ್ರತಿ ಸಂಜೆಯೂ ಹೋಗತೊಡಗಿದ; ತಿದ್ದಬೇಕಾದ ಪ್ರಬಂಧಗಳು ಮೇಜಿನ ಮೇಲೆ ರಾಶಿಯಾದವು. ಪರೀಕ್ಷೆ ಸಮೀಪಿಸಿದಾಗ ವಿದ್ಯಾರ್ಥಿಯೊಬ್ಬ ಕೇಳಿದನಂತೆ: “ಗುರುಗಳೇ, ಮೂಟೆ ಹೊರಲು ನಮ್ಮ ತೋಳುಗಳಿವೆ. ಪ್ರಬಂಧ ತಿದ್ದಲು ನಿಮ್ಮನ್ನು ಬಿಟ್ಟರೆ ಇಲ್ಲಿ ಯಾರಿದ್ದಾರೆ?” ಆ ರಾತ್ರಿ ನಾಚಿಕೆಯಿಂದ ನಿದ್ರೆ ಬರಲಿಲ್ಲವೆಂದು ಗೆಳೆಯ ಬರೆದಿದ್ದಾನೆ. ಮುಂದೆ ಆತನ ಸಂಜೆಗಳು ಪ್ರಬಂಧಗಳಿಗೆ ಮೀಸಲಾದವು. ವಾರಕ್ಕೊಂದು ದಿನ ಮಾತ್ರ ಶಿಬಿರಕ್ಕೆ. ಅದೂ ಅಲ್ಲಿಯವರು ಬೇಡಿದ ಕೆಲಸಕ್ಕೆ, ಲೆಕ್ಕ ಬರೆಯುವುದಕ್ಕೆ.

ನನಗೂ ಇಂಥದೇ ಪಾಠವಾಗಿದೆ. ಗಾಂಧೀ ಶತಮಾನೋತ್ಸವದ ವರ್ಷ, 1969ರಲ್ಲಿ, ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೊಂದಕ್ಕೆ ನಾನು ಅಧ್ಯಾಪಕನಾದ ಮೇಲೆ ಹುಡುಗರನ್ನು ಕರೆದೊಯ್ದಿದ್ದೆ. ಹತ್ತು ದಿನ ಬೆವರು ಸುರಿಸಿ ರಸ್ತೆ ಮಾಡಿದೆವು. ಬೀಳ್ಕೊಡುವಾಗ ಊರಿನ ಹಿರಿಯರು ಹೇಳಿದರು: “ರಸ್ತೆ ಚೆನ್ನಾಗಿದೆ ಸ್ವಾಮಿ. ಆದರೆ ನಮಗೆ ಬೇಕಾಗಿದ್ದುದು ಬಾವಿಯ ಹೂಳು ತೆಗೆಯುವುದು.” ನಾವು ಅವರನ್ನು ಕೇಳಿಯೇ ಇರಲಿಲ್ಲ.

ಎರಡೂ ಕೂಡಿ ಬಾಳಬಲ್ಲವೆಂಬುದಕ್ಕೆ ನಮ್ಮ ಬಿ.ಎಂ.ಶ್ರೀ. ಅವರೇ ನಿದರ್ಶನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಕಲಿಸಿದ್ದು ಇಂಗ್ಲಿಷ್, ದುಡಿದದ್ದು ಕನ್ನಡಕ್ಕಾಗಿ. ಆ ಇಂಗ್ಲಿಷ್ ಕಾವ್ಯದ ವ್ಯಾಸಂಗವೇ ‘ಇಂಗ್ಲಿಷ್ ಗೀತಗಳು’ ಸಂಕಲನವಾಗಿ ಕನ್ನಡಕ್ಕೆ ಹೊಸ ದಾರಿ ತೆರೆಯಿತು. ಅವರ ಸೇವೆ ಕಸುಬಿನ ಹೊರಗಿನದಲ್ಲ, ಅದರೊಳಗಿನಿಂದಲೇ ಬೆಳೆದದ್ದು.

ಶಿಷ್ಯೆಗೆ ಹೇಳಿದೆ: “ನೋಡಮ್ಮ, ಮೊದಲು ಆ ನಾಡಿನ ಮಾತು ಕಲಿ. ಒಪ್ಪಿಕೊಂಡ ಪಾಠ ಕೆಡದಿರಲಿ. ನಿನ್ನ ಮೊದಲ ಸೇವೆ ಅದೇ. ಉಳಿದ ವೇಳೆಯಲ್ಲಿ ಏನು ಮಾಡಬೇಕೆಂಬುದನ್ನು ಅಲ್ಲಿಯವರೇ ಹೇಳಲಿ.”

ಆಕೆ ಮರುಮಾತಾಡಲಿಲ್ಲ. ಹೊರಡುವಾಗ ಮಾತ್ರ, ಪ್ರಬಂಧಗಳ ಸಂಗತಿಯಿದ್ದ ಆ ಪತ್ರವನ್ನು ಕೇಳಿ ಪಡೆದುಕೊಂಡಳು.