ಎರೆಭೂಮಿಯ ಪರೀಕ್ಷೆಯೂ ಗ್ರಾಮಶಾಲೆಯ ವಿಜ್ಞಾನಪಾಠವೂ

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಭೂಮಾಲೀಕರಿಗೂ ಗ್ರಾಮಮುಖ್ಯರಿಗೂ ಮಾಡಿದ ಉಪನ್ಯಾಸ)



ಡೋಣಿ ಹರಿದರೆ ಓಣಿಯೆಲ್ಲ ಕಾಳೆಂಬ ಗಾದೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಆ ಹೊಳೆಯ ನೀರು ಸವಳೆಂಬುದನ್ನು ಅರಿಯದವರೂ ಇಲ್ಲ. ಕಾಳು ಕೊಡುವ ನೆಲದಲ್ಲಿಯೇ ಉಪ್ಪೂ ಅಡಗಿದೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ಇಲ್ಲಿಯ ಎರೆಮಣ್ಣು ಕರಿಯ ಬಸಾಲ್ಟು ಕಲ್ಲು ಸವೆದು ಆದುದು. ಅದರ ಜೇಡಿಯು ನೀರುಂಡು ಉಬ್ಬುವುದು, ಒಣಗಿ ಬಿರಿಯುವುದು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವಲ್ಲಿ ಹಿಂಗಾರಿಯ ಬಿಳಿಜೋಳವು ತೆನೆ ಹಿಡಿಯುವುದು ಈ ಜೇಡಿಯು ಕಾಪಾಡಿಕೊಂಡ ತೇವದಿಂದಲೇ. 1930ರ ದಶಕದಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ನಡೆದಾಗ, ಬಿದ್ದ ಮಳೆಯನ್ನು ಹೊಲದಲ್ಲಿ ನಿಲ್ಲಿಸುವುದು ಹೇಗೆಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಒಡ್ಡು ಹಾಕುವುದು, ವಿರಳವಾಗಿ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು ಅದರ ಉತ್ತರಗಳು.

1964ರಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ಆಲಮಟ್ಟಿ, ನಾರಾಯಣಪುರಗಳಲ್ಲಿ ನೀರು ನಿಂತು, ಕಾಲುವೆಗಳು ಈ ತಾಲ್ಲೂಕುಗಳಿಗೆ ಬಂದವು. ನೀರು ಬಂದ ಹೊಲಗಳಲ್ಲಿ ಪ್ರಶ್ನೆಯು ತಿರುಗಿ ನಿಂತಿದೆ. ಜೇಡಿಯಲ್ಲಿ ನೀರು ಬಸಿಯುವುದು ಬಹು ಮೆಲ್ಲಗೆ. ಬಸಿಗಾಲುವೆಯಿಲ್ಲದೆ ಹಾಯಿಸುತ್ತ ಹೋದರೆ ಕೆಳಗಿನ ಉಪ್ಪು ಕರಗಿ, ಬಿಸಿಲಿನ ಸೆಳೆತಕ್ಕೆ ಮೇಲೇರಿ, ನೀರು ಆವಿಯಾದ ಬಳಿಕ ಅಲ್ಲಿಯೇ ಉಳಿಯುವುದು. ಬಿಳಿಯ ಹೊದರು ಕಾಣುವುದು ಕಡೆಗೆ. ಮೊದಲು ಕಾಣುವುದು ಅಲ್ಲಲ್ಲಿ ಮೊಳೆಯದೆ ಉಳಿದ ಬೀಜ. ಅದನ್ನು ನೀರಿನ ಕೊರತೆಯೆಂದು ಬಗೆದು ಮತ್ತಷ್ಟು ಹಾಯಿಸುವವನು ರೋಗಕ್ಕೇ ಉಣಿಸಿದಂತೆ.

ಕೆಟ್ಟ ನೆಲವೆಲ್ಲ ಒಂದೇ ರೋಗದ್ದಲ್ಲ. ಉಪ್ಪು ಹೆಚ್ಚಿದ ಸವಳಿಗೆ ಬಸಿಗಾಲುವೆ ತೋಡಿ ಸಿಹಿನೀರಿನಿಂದ ತೊಳೆಯುವುದೇ ಚಿಕಿತ್ಸೆ. ಸೋಡಿಯಂ ಹೆಚ್ಚಿದ ಕ್ಷಾರಭೂಮಿಗೆ ಜಿಪ್ಸಂ ಬೇಕು; ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಜೇಡಿಯಿಂದ ಬಿಡಿಸುವುದು, ಬಿಟ್ಟುದನ್ನು ನೀರು ಬಸಿದೊಯ್ಯಬೇಕು. ಪರೀಕ್ಷಿಸದೆ ಚೀಲಗಟ್ಟಲೆ ಜಿಪ್ಸಂ ತಂದು ಚೆಲ್ಲುವುದು ಹಣವನ್ನು ಚೆಲ್ಲಿದಂತೆಯೇ.

ಈ ಪರೀಕ್ಷೆಯ ಮೊದಲ ಮೆಟ್ಟಿಲು ಊರಿನ ಶಾಲೆಯಲ್ಲಿಯೇ ಇರಬಹುದು. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ಒಣ ಹೆಂಟೆಯಿಂದ ಕಡಲೆಗಾತ್ರದ ಚೂರನ್ನು ಮೆಲ್ಲನೆ ಇಳಿಬಿಟ್ಟು, ಅಲುಗಿಸದೆ ಒಂದು ದಿನ ಇಡತಕ್ಕದ್ದು. ಕೊಳವೆಬಾವಿಯ ನೀರು ಕೂಡದು, ಅದರ ಉಪ್ಪು ಪರೀಕ್ಷೆಯನ್ನು ಕೆಡಿಸೀತು. ಚೂರಿನ ಸುತ್ತ ನೀರು ಹಾಲಿನಂತೆ ಕದಡಿದರೆ ಸೋಡಿಯಂ ಹೆಚ್ಚೆಂಬ ಸಂಶಯಕ್ಕೆ ಎಡೆಯುಂಟು. ತಿಳಿಯಾಗಿ ಉಳಿದ ಮಾತ್ರಕ್ಕೆ ನೆಲ ನಿರ್ದೋಷಿಯೆನ್ನಲಾಗದು. ಉಪ್ಪಿನ ಸವಳು ನೀರನ್ನು ಕದಡಿಸದು. ಅದನ್ನು ಅಳೆಯಲು ಪ್ರಯೋಗಶಾಲೆಯೇ ಬೇಕು.

ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದರ ರಸವೂ ಪಾಠಕ್ಕೆ ಒದಗುವುದು. ಮಣ್ಣಿನಲ್ಲಿಯ ಬಿಳಿಯ ಸುಣ್ಣದ ಹರಳನ್ನು ಪುಡಿಮಾಡಿ ನಾಲ್ಕು ಹನಿ ಹಿಂಡಿದರೆ ಗುಳ್ಳೆಗಳೇಳುವವು. ಇದೇ ಸುಣ್ಣವು ಹೆಚ್ಚಾದಲ್ಲಿ ಗಿಡಕ್ಕೆ ಕಬ್ಬಿಣ ಸಿಕ್ಕದೆ, ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುವು. ಲೋಟದಲ್ಲಿ ಕಂಡುದನ್ನು ತೋಟದಲ್ಲಿ ಗುರುತಿಸಿದ ಹುಡುಗನಿಗೆ ರಸಾಯನಶಾಸ್ತ್ರವನ್ನು ಬೇರೆ ಉರುಹೊಡೆಸಬೇಕಿಲ್ಲ.

2015ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರ, ಲವಣ, ಸಾವಯವ ಇಂಗಾಲ, ಸತು, ಕಬ್ಬಿಣ ಮೊದಲಾದ 12 ಅಂಶಗಳು ಬರೆದಿರುತ್ತವೆ. ರಸಸಾರ 8.5ನ್ನು ಮೀರಿದರೆ ಕ್ಷಾರದ ಸಂಶಯ. ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆಯಾದರೆ ತಿಪ್ಪೆಗೊಬ್ಬರದ ಅಭಾವ. ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಕಾರ್ಡನ್ನು ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ತಂದೆಗೆ ಓದಿ ಹೇಳಬಲ್ಲಳು, ಶಾಲೆಯಲ್ಲಿ ಒಮ್ಮೆ ಕಲಿಸಿದ್ದರೆ.

ಆದಕಾರಣ ಶಾಲಾಭಿವೃದ್ಧಿ ಸಮಿತಿಯ ಹಿರಿಯರು ಉಪಾಧ್ಯಾಯರೊಡನೆ ಮಾತನಾಡಿ, ಹಿಂಗಾರಿಯ ಸುಗ್ಗಿ ಮುಗಿದು ಬೇಸಿಗೆಯ ರಜೆ ಬರುವ ಮುನ್ನ ಒಂದು ದಿನವನ್ನು ಇದಕ್ಕೆ ಗೊತ್ತುಮಾಡಬೇಕು. ಅಷ್ಟರೊಳಗೆ ಹೊಲಕ್ಕೆ ಗೊಬ್ಬರ ಬಿದ್ದಿರಬಾರದು. ಒಡ್ಡು, ತಿಪ್ಪೆ, ಮರದ ನೆರಳು ಬಿಟ್ಟು ಹತ್ತು ಹದಿನೈದು ಕಡೆ ಆರು ಅಂಗುಲ ಆಳಕ್ಕೆ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕಿಲೋಗ್ರಾಂಗೆ ಇಳಿಸತಕ್ಕದ್ದು. ಸವಳಿನ ತುಣುಕಿನ ಮಣ್ಣನ್ನು ಒಳ್ಳೆಯದರೊಡನೆ ಬೆರೆಸದೆ ಬೇರೆ ಕಟ್ಟಬೇಕು. ನೆರಳಿನಲ್ಲಿ ಒಣಗಿಸಿ, ಹೆಸರೂ ಸರ್ವೆ ನಂಬರೂ ಬರೆದ ಚೀಟಿಯೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಬೇಕು.