ಎಂಜಿನ್ನಿಗೆ ಗಾಳಿ ತುಂಬುವ ಮುನ್ನ



ಕಾರಿಗೆ ಪಿಕಪ್ ಸಾಲದು ಎಂದ ಕೂಡಲೇ ಮಾತು ಟರ್ಬೊ ಕಡೆ ಹೊರಳುವುದು ಈಗ ವಾಡಿಕೆಯಾಗಿದೆ. ಹೊರಹೋಗುವ ಹೊಗೆಯಿಂದ ಟರ್ಬೈನು ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವುದು, ಅಷ್ಟಕ್ಕೆ ತಕ್ಕ ಇಂಧನ ಸುಟ್ಟು ಟಾರ್ಕ್ ಹೆಚ್ಚಿಸುವುದು ಅದರ ಕೆಲಸ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ವೇಗೋತ್ಕರ್ಷ ಎಂಜಿನ್ನೊಂದರ ಗುಣವಲ್ಲ, ಇಡೀ ಗಾಡಿಯ ಗುಣ. ನ್ಯೂಟನ್ನನ ಎರಡನೇ ನಿಯಮದಲ್ಲಿ ಬಲದಷ್ಟೇ ಮುಖ್ಯವಾಗಿ ದ್ರವ್ಯರಾಶಿಯೂ ಇದೆ. ನಮ್ಮ ಕಣ್ಣು ಮಾತ್ರ ಸದಾ ಬಲದ ಮೇಲೆ. ಎಳೆಯಬೇಕಾದ ಹೊರೆಯನ್ನೂ ಬಲವು ಚಕ್ರಕ್ಕೆ ತಲುಪುವ ದಾರಿಯನ್ನೂ ಸರಿಪಡಿಸದೆ ಎಂಜಿನ್ನಿಗೆ ಗಾಳಿ ತುಂಬಲು ಹೊರಡುವುದು ತಲೆಕೆಳಗಾದ ಕ್ರಮ ಎಂಬುದು ಈ ವಿಚಾರ ಸಂಕಿರಣದ ಮುಂದೆ ನಾನು ಇಡುತ್ತಿರುವ ವಾದ.

ಲೆಕ್ಕದಿಂದಲೇ ಆರಂಭಿಸೋಣ. 1,000 ಕೆ.ಜಿ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗ ಮುಟ್ಟಿದಾಗ ಅದರ ಚಲನಶಕ್ತಿ ಸುಮಾರು 386 ಕಿಲೊಜೂಲ್. ಗಾಳಿಯ ತಡೆ, ಟೈರಿನ ಘರ್ಷಣೆ ಬದಿಗಿಟ್ಟರೆ, 10 ಸೆಕೆಂಡಿನಲ್ಲಿ ಅಷ್ಟು ಶಕ್ತಿ ಕೊಡಲು ಸರಾಸರಿ 39 ಕಿಲೊವ್ಯಾಟ್ ಬೇಕು. ನೂರು ಕೆ.ಜಿ. ಇಳಿಸಿದರೆ ಅದೇ ಎಂಜಿನ್ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಬೇಗ ಅದೇ ವೇಗ ಮುಟ್ಟುತ್ತದೆ. 1996ರ ಲೋಟಸ್ ಎಲೀಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿದ್ದದ್ದು ರೋವರ್ ಕಂಪನಿಯ ಸಾಧಾರಣ 1.8 ಲೀಟರ್ ಎಂಜಿನ್, 118 ಅಶ್ವಶಕ್ತಿ, ಟರ್ಬೊ ಇಲ್ಲ. ಆದರೆ ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿನಿಂದ ಜೋಡಿಸಿದ ಅದರ ಚಾಸಿಯ ತೂಕ 68 ಕೆ.ಜಿ.; ಇಡೀ ಕಾರಿನದು ಸುಮಾರು 725. ನೂರರ ವೇಗಕ್ಕೆ ಅದು ತೆಗೆದುಕೊಳ್ಳುತ್ತಿದ್ದದ್ದು ಆರು ಸೆಕೆಂಡಿನ ಆಸುಪಾಸು.

ತೂಕ ಎಂದರೆ ತಕ್ಕಡಿ ತೋರಿಸುವ ಅಂಕಿಯಷ್ಟೇ ಅಲ್ಲ; ತಿರುಗುವ ತೂಕದ ಲೆಕ್ಕ ಬೇರೆ. ಟೈರಿನ ಅಂಚಿನಲ್ಲಿರುವ ಒಂದು ಕೆ.ಜಿ.ಯನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ಬೇಕು. ಹಾಗಾಗಿ ಅದು ಎರಡು ಕೆ.ಜಿ.ಗೆ ಸಮ. ಚಂದ ಕಾಣಲಿ ಎಂದು ದೊಡ್ಡ ಅಲಾಯ್ ವೀಲ್ ಹಾಕಿಸುವವರು ದುಡ್ಡು ಕೊಟ್ಟು ಪಿಕಪ್ ಕಳೆದುಕೊಳ್ಳುವುದು ಹೀಗೆ. ಫ್ಲೈವೀಲಿನ ಕಥೆ ಇನ್ನೂ ಸ್ವಾರಸ್ಯದ್ದು. 8 ಕೆ.ಜಿ. ತೂಕ, 13 ಸೆಂ.ಮೀ. ತ್ರಿಜ್ಯದ ತಟ್ಟೆಯೊಂದನ್ನು ಊಹಿಸಿಕೊಳ್ಳಿ. ಮೊದಲ ಗೇರಿನಲ್ಲಿ ಒಟ್ಟು ಅನುಪಾತ 14, ಚಕ್ರದ ತ್ರಿಜ್ಯ 30 ಸೆಂ.ಮೀ. ಎಂದಾದರೆ, ಅನುಪಾತದ ವರ್ಗ ಲೆಕ್ಕಕ್ಕೆ ಬರುವುದರಿಂದ, ಈ ತಟ್ಟೆಯ ಜಡತ್ವ 147 ಕೆ.ಜಿ. ಹೆಚ್ಚುವರಿ ಹೊರೆಯಂತೆ ವರ್ತಿಸುತ್ತದೆ. ಅನುಪಾತ 3.2 ಇರುವ ಐದನೇ ಗೇರಿನಲ್ಲಿ ಅದೇ ತಟ್ಟೆ ಎಂಟು ಕೆ.ಜಿ.ಯಷ್ಟೂ ಭಾರವೆನಿಸುವುದಿಲ್ಲ. ಹಾಗೆಂದು ಫ್ಲೈವೀಲನ್ನು ಮನಸ್ಸಿಗೆ ಬಂದಷ್ಟು ಕೊರೆಯುವಂತಿಲ್ಲ: ಐಡ್ಲಿಂಗ್ ಕುಲುಕುತ್ತದೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಬಳಿ ಅರ್ಧ ಕ್ಲಚ್ಚಿನಲ್ಲಿ ತೆವಳುವವರು ನಿಮಗೆ ಹಿಡಿಶಾಪ ಹಾಕುತ್ತಾರೆ.

ಇನ್ನು ಗೇರು. ಫೈನಲ್ ಡ್ರೈವ್ ಅನುಪಾತವನ್ನು 3.9ರಿಂದ 4.3ಕ್ಕೆ ಏರಿಸಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಬಲ ಶೇ. 10ರಷ್ಟು ಹೆಚ್ಚುತ್ತದೆ. ಹೆದ್ದಾರಿಯಲ್ಲಿ 3,000 ಸುತ್ತು ತಿರುಗುತ್ತಿದ್ದ ಎಂಜಿನ್ ಆಗ 3,300 ತಿರುಗುತ್ತದೆ, ಇಂಧನದ ಖರ್ಚು ಏರುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ, ಮೇಲಿನ ಗೇರೊಂದನ್ನು ಮಾತ್ರ ಉದ್ದವಾಗಿ ಉಳಿಸಿಕೊಳ್ಳುವುದು. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಎರಡನೇ ಗೇರಿನಲ್ಲೇ ನೂರು ಮುಟ್ಟುತ್ತಿದ್ದ ಕಾರು ಈಗ ಮೂರಕ್ಕೆ ಹೋಗಬೇಕಾಗಿ ಬಂದರೆ, ಆ ಒಂದು ಬದಲಾವಣೆಯಲ್ಲೇ ಗಳಿಸಿದ ಸಮಯ ಕರಗಿಹೋಗಬಹುದು. ಟೈರಿನ ಹಿಡಿತಕ್ಕೂ ಮಿತಿಯಿದೆ. ಮುಂಚಕ್ರ ಎಳೆಯುವ ಕಾರಿನಲ್ಲಿ ಹೊರಡುವಾಗ ಭಾರ ಹಿಂದಕ್ಕೆ ಸರಿದು, ಎಳೆಯುವ ಚಕ್ರಗಳೇ ಹಗುರಾಗುತ್ತವೆ. ಒದ್ದೆ ರಸ್ತೆಯಲ್ಲಿ ಅಂಥ ಸಣ್ಣ ಕಾರಿನ ಚಕ್ರ ಮೊದಲ ಗೇರಿನಲ್ಲಿ ಈಗಾಗಲೇ ಜಾರುತ್ತಿದ್ದರೆ, ಟರ್ಬೊ ಕೊಡುವ ಹೆಚ್ಚಿನ ಟಾರ್ಕ್ ಟೈರು ಸವೆಸುವುದಕ್ಕಷ್ಟೇ ಬಂತು.

ಟರ್ಬೊ ಪರವಾದ ಬಲವಾದ ವಾದ ನಮ್ಮ ನೆಲದ್ದೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆ, ಸಾದಾ ಎಂಜಿನ್ನಿನ ಶಕ್ತಿಯೂ ಸರಿಸುಮಾರು ಅಷ್ಟೇ ಕುಗ್ಗುತ್ತದೆ. ಟರ್ಬೊ ಈ ಕೊರತೆ ತುಂಬಿಕೊಡುತ್ತದೆ, ಒಪ್ಪೋಣ. ಆದರೆ ಸಾದಾ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕಟ್ಟಿದರೆ ನಾಕಿಂಗ್ ತಡೆಯಲು ಕಂಪ್ರೆಷನ್ ಇಳಿಸಬೇಕು ಅಥವಾ ಇಗ್ನಿಷನ್ ಹಿಂದಕ್ಕೆ ಸರಿಸಬೇಕು. ಇಂಟರ್‌ಕೂಲರ್, ಆಯಿಲ್ ಕೊಳವೆ, ಗಟ್ಟಿ ಕ್ಲಚ್, ಹೊಸ ಇಸಿಯು ಮ್ಯಾಪ್ ಎಲ್ಲವೂ ಬೇಕು. ಕಾರಿನ ಮೂತಿಯ ತೂಕವೂ ಏರುತ್ತದೆ. ಎಂಜಿನ್ನಿನ ಉಸಿರಾಟ ಸುಧಾರಿಸುವ ಬೇರೆ ದಾರಿಗಳಿವೆ. 1989ರಲ್ಲಿ ಹೋಂಡಾ ತನ್ನ ವಿಟೆಕ್ ಕವಾಟ ವ್ಯವಸ್ಥೆಯಿಂದ 1.6 ಲೀಟರಿನಲ್ಲಿ 160 ಅಶ್ವಶಕ್ತಿ ತೆಗೆಯಿತು. ಮಾಜ್ಡಾ ತನ್ನ ಕೆಲವು ಸ್ಕೈಆಕ್ಟಿವ್ ಎಂಜಿನ್ನುಗಳಲ್ಲಿ ಕಂಪ್ರೆಷನ್ ರೇಶಿಯೊವನ್ನು 14:1ಕ್ಕೆ ಏರಿಸಿ, ಉಳಿದ ಬಿಸಿ ಹೊಗೆ ಸಿಲಿಂಡರಿಗೆ ಮರಳದಂತೆ ಉದ್ದನೆಯ 4-2-1 ಎಕ್ಸಾಸ್ಟ್ ಕೊಳವೆ ಜೋಡಿಸಿತು. ಹಗುರ ಕಾರು ಅಪಾಯಕಾರಿ ಎನ್ನುವವರಿಗೂ ಮಾಜ್ಡಾದಲ್ಲೇ ಉತ್ತರವಿದೆ: ಸುಮಾರು ಒಂದು ಟನ್ ತೂಗುವ ಎಂಎಕ್ಸ್-5 ಕಾರು 2015ರ ಯೂರೊ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ತಾರೆ ಪಡೆಯಿತು. ಉಕ್ಕಿನ ಗುಣಮಟ್ಟ, ಅದನ್ನು ಎಲ್ಲಿ ಇಟ್ಟಿದ್ದೀರಿ ಎಂಬುದು ಮುಖ್ಯ. ಎಷ್ಟು ಸುರಿದಿದ್ದೀರಿ ಎಂಬುದಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದಕ್ಕೆ ಅವಕಾಶ ಬಹಳ ಕಡಿಮೆ. ಆದ್ದರಿಂದ ಈ ಚರ್ಚೆ ಗ್ಯಾರೇಜಿಗಿಂತ ಹೆಚ್ಚಾಗಿ ವಿನ್ಯಾಸದ ಮೇಜಿಗೆ, ವಿದ್ಯಾರ್ಥಿಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಕಾರಿಗೆ ಸೇರಿದ್ದು. ಅಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿ.ಮೀ. ರಂಧ್ರದಲ್ಲೇ ಹಾಯಬೇಕು, ಅದರ ಕಂಠದಲ್ಲಿ ಗಾಳಿ ಶಬ್ದವೇಗ ಮುಟ್ಟಿದ ಮೇಲೆ ಟರ್ಬೊ ಕೂಡ ಒಂದು ಗ್ರಾಮ್ ಹೆಚ್ಚು ಎಳೆಯಲಾರದು. ಅಲ್ಲಿನ 75 ಮೀಟರಿನ ಓಟದಲ್ಲಿ ಕೈಹಿಡಿಯುವುದು ತೂಕ, ಗೇರು, ಟೈರು.

ಈ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ವಿನಂತಿ. ಅಶ್ವಶಕ್ತಿಯ ಅಂಕಿ ಮಾತ್ರ ಕೊಟ್ಟು ನಿಲ್ಲಿಸಬೇಡಿ. ಬದಲಾವಣೆಗೆ ಮುಂಚಿನ ಮತ್ತು ನಂತರದ ತೂಕ, ಗೇರಿನ ಅನುಪಾತ, ಮೂರನೇ ಗೇರಿನಲ್ಲಿ 40ರಿಂದ 80 ಕಿ.ಮೀ.ಗೆ ಹಿಡಿದ ಸಮಯ, ಇವಿಷ್ಟನ್ನೂ ಒಂದೇ ಕೋಷ್ಟಕದಲ್ಲಿ ತೋರಿಸಿ.