ದಿಕ್ಕು ಕಾಣದ ತರುಣ ಮತ್ತು ನಮ್ಮ ಕಪಾಟಿನ ಲೆಕ್ಕ

(ಮಾದನಹಿಪ್ಪರಗಾದ ವಾಚನಾಲಯದಲ್ಲಿ ನಮ್ಮ ಬಳಗದ ಪರವಾಗಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಕಪಾಟಿನಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಕಾದಂಬರಿಯಿದೆ. ಅದಕ್ಕೆ ಕೊಟ್ಟ ಹಣ ದಂಡವೆಂದು ನಮ್ಮೊಳಗೇ ಆಕ್ಷೇಪಣೆ ಹುಟ್ಟಿದೆ. ಬೇಳೆ ಮಿಲ್ಲಿನಲ್ಲಿ ಚೀಲ ಹೊರುವ ಸಂಗಾತಿಯೊಬ್ಬರು ಮುಖಕ್ಕೇ ಕೇಳಿದರು: “ಉಂಡು ಅಡ್ಡಾಡೋ ಹುಡುಗನ ಪ್ರೀತಿ ಗೋಳು ನಮಗ್ಯಾಕ್ರಿ? ಅದರಾಗ ಕೂಲಿ ಹೆಚ್ಚು ಮಾಡೋ ಮಾತು ಒಂದರ ಅದ ಏನ್ರಿ?” ಪ್ರಶ್ನೆ ನ್ಯಾಯವಾದದ್ದು. ಚಂದಾ ಕೊಟ್ಟವರು ಹಮಾಲರು, ಕಿರಾಣಿ ಅಂಗಡಿಯವರು. ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಆ ಲೆಕ್ಕ ಒಪ್ಪಿಸಲು ಇಂದು ನಿಂತಿದ್ದೇವೆ.

‘ಮುಕ್ತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು. 1929ರಲ್ಲಿ ಹಳಿಯಾಳದಲ್ಲಿ ಹುಟ್ಟಿದ ದೇಸಾಯಿಯವರಿಗೆ ಅದು ಮೊದಲ ಕಾದಂಬರಿ. ಅದಕ್ಕಿಂತ ಮುಂಚೆ ಪ್ರಗತಿಶೀಲರ ಕಾಲ. ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’ ಪತ್ರಿಕೆಯ ಕಚೇರಿಯಲ್ಲಿ ದುಡಿಯುವವರ ಶೋಷಣೆಯನ್ನು ಹೇಳಿತು. ಅಲ್ಲಿ ವೈರಿ ಯಾರೆಂದು ಓದುಗನಿಗೆ ತಡವಾಗದೆ ತಿಳಿಯುತ್ತದೆ. ‘ಮುಕ್ತಿ’ಯಲ್ಲಿ ಹಾಗಿಲ್ಲ. ಅದರ ತರುಣ ಗೌರೀಶ ತನ್ನದೇ ವ್ಯಕ್ತಿತ್ವವನ್ನು ಹುಡುಕುತ್ತ ಅಲೆಯುತ್ತಾನೆ. ಗೆಳೆಯನೊಬ್ಬನ ಪ್ರಭಾವದಿಂದ ಬಿಡಿಸಿಕೊಳ್ಳಬೇಕು, ಒಬ್ಬ ಹುಡುಗಿಯ ಮೋಹದಿಂದ ಬಿಡಿಸಿಕೊಳ್ಳಬೇಕು, ಇನ್ನೊಬ್ಬಳ ದೇಹದ ಸೆಳೆತದಿಂದಲೂ. ಕಾದಂಬರಿಯ ಕಣ್ಣು ಅವನ ಹೊಟ್ಟೆಯ ಮೇಲಲ್ಲ, ಮನಸ್ಸಿನ ಮೇಲಿದೆ. ಇದು ನಮಗೂ ಕೊರತೆಯಾಗಿ ಕಂಡಿತು, ಮುಚ್ಚಿಡುವುದಿಲ್ಲ.

ಆದರೂ ಇದು ನಮ್ಮ ಮನೆಯ ಮಾತಲ್ಲವೆಂದು ತಳ್ಳಿಹಾಕಲು ಮನಸ್ಸು ಒಪ್ಪಲಿಲ್ಲ. ಈ ಸೀಮೆಯಿಂದ ನಮ್ಮ ಅಜ್ಜಂದಿರು ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲಿಗೆ, ಸೊಲ್ಲಾಪುರದ ಹತ್ತಿ ಗಿರಣಿಗಳಿಗೆ ಹೋದರು. ಕಷ್ಟ ಬೇಕಾದಷ್ಟಿತ್ತು, ಆದರೆ ಬೆಳಗಾದರೆ ಎಲ್ಲಿಗೆ ಹೋಗಬೇಕೆಂಬುದನ್ನು ಗಿರಣಿಯ ಭೋಂಗಾ ಹೇಳುತ್ತಿತ್ತು, ಪಕ್ಕದ ಮಗ್ಗದಲ್ಲಿ ನಿಂತವನು ಜೊತೆಗಾರನಾಗಿರುತ್ತಿದ್ದ. ಎಂ.ಎಸ್.ಕೆ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಮೊಮ್ಮಗ ಪದವಿಯ ಕಾಗದ ಹಿಡಿದು ಬಾಡಿಗೆ ಕೋಣೆಯಲ್ಲಿದ್ದಾನೆ. ಅವನನ್ನು ಕರೆಯುವ ಭೋಂಗಾ ಇಲ್ಲ. ರಾತ್ರಿ ಕದ್ದು ಕವಿತೆ ಬರೆಯುತ್ತಾನೆ, ಹಬ್ಬಕ್ಕೆ ಬಂದರೆ ಯಾರೊಡನೆಯೂ ಮಾತಾಡುವುದಿಲ್ಲ. ತಾಯಿ ದೃಷ್ಟಿ ತೆಗೆಯುತ್ತಾಳೆ, ತಂದೆ ಮೈಗಳ್ಳನೆನ್ನುತ್ತಾನೆ. ಗೌರೀಶನನ್ನು ಓದಿದವರಿಗೆ ಇವನ ಮೌನ ಸ್ವಲ್ಪವಾದರೂ ಅರ್ಥವಾದೀತು.

ಇನ್ನು ಹೊಟ್ಟೆಯ ಮಾತು. ಅದನ್ನೂ ಪ್ರೇಮವನ್ನೂ ಬರವಣಿಗೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಪುಸ್ತಕ ಅಮೆರಿಕದ ಜಾಕ್ ಲಂಡನ್ನರ ‘ಮಾರ್ಟಿನ್ ಈಡನ್’, 1909ರದು. ಲಂಡನ್ನರು ಹುಡುಗನಾಗಿದ್ದಾಗ ಸೆಣಬಿನ ಗಿರಣಿಯಲ್ಲಿ ಗಂಟೆಗೆ 10 ಸೆಂಟಿಗೆ ದುಡಿದವರು. 1901ರಲ್ಲಿ ಓಕ್ಲಂಡ್ ನಗರದ ಮೇಯರ್ ಸ್ಥಾನಕ್ಕೆ ಸಮಾಜವಾದಿ ಅಭ್ಯರ್ಥಿಯಾಗಿ ನಿಂತವರು. ಅವರ ಮಾರ್ಟಿನ್ ಹಡಗಿನ ಕೂಲಿ. ಸಿರಿವಂತರ ಮಗಳು ರೂಥ್‌ಳನ್ನು ಕಂಡು, ಅವಳಿಗೆ ತಕ್ಕವನಾಗಬೇಕೆಂದು ಓದುತ್ತಾನೆ, ಬರೆಯುತ್ತಾನೆ. ಕಳಿಸಿದ ಕಥೆಗಳೆಲ್ಲ ಮರಳಿ ಬರುತ್ತವೆ. ಕೋಟು, ಸೈಕಲ್ಲು ಒತ್ತೆ ಬೀಳುತ್ತವೆ.

ಒಂದು ಭಾಗವನ್ನು ನಮ್ಮ ಮಿಲ್ಲಿನವರು ಕೇಳಲೇಬೇಕು. ಮಾರ್ಟಿನ್ ಹಣಕ್ಕಾಗಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರಖಾನೆ ಸೇರುತ್ತಾನೆ, ಬಿಡುವಿನಲ್ಲಿ ಓದೋಣವೆಂದು ಪುಸ್ತಕಗಳನ್ನೂ ಒಯ್ಯುತ್ತಾನೆ. ಒಂದು ವಾರದಲ್ಲೇ ಪುಸ್ತಕ ತೆರೆದರೆ ಕಣ್ಣು ಮುಚ್ಚುತ್ತದೆ. ಕೊನೆಗೆ ಶನಿವಾರ ಬಂದರೆ ಹೆಂಡದಂಗಡಿಯೇ ಗತಿ. ಕೂಲಿಕಾರ ಯಾಕೆ ಓದುವುದಿಲ್ಲ, ಯಾಕೆ ಕುಡಿಯುತ್ತಾನೆ ಎಂದು ಕೇಳುವ ಸಭ್ಯರಿಗೆ ಈ ಪುಟಗಳಲ್ಲಿ ಉತ್ತರವಿದೆ. ಲಂಡನ್ನರು ಸ್ವತಃ ಅಂಥ ಕೆಲಸ ಮಾಡಿದವರು.

ಮುಂದೆ ಕೀರ್ತಿ ಬರುತ್ತದೆ. ಹಸಿದಾಗ ಒಂದು ತುತ್ತು ಕೊಡದಿದ್ದವರೆಲ್ಲ ಊಟಕ್ಕೆ ಕರೆಯುತ್ತಾರೆ. ಈಗ ಹೊಗಳುವ ಕಥೆಗಳನ್ನು ತಾನು ಹಸಿದಾಗಲೇ ಬರೆದು ಮುಗಿಸಿದ್ದೆನಲ್ಲ ಎಂಬ ಪ್ರಶ್ನೆ ಅವನನ್ನು ಕೊರೆಯುತ್ತದೆ. ಹಡಗಿನ ಕಿಟಕಿಯಿಂದ ಸಮುದ್ರಕ್ಕೆ ಜಾರಿ ಸಾಯುತ್ತಾನೆ. ತಾನೊಬ್ಬನೇ ಸಾಕೆಂಬ ವ್ಯಕ್ತಿವಾದದ ಮೇಲೆ ಇದು ತನ್ನ ದಾಳಿಯೆಂದು ಲಂಡನ್ನರು ಹೇಳಿಕೊಂಡರು. ಓದಿದ ಬಹುಜನ ಅದನ್ನೇ ಯಶಸ್ಸಿನ ಪಾಠವೆಂದು ತಿಳಿದರು. ನಮಗೆ ಕಂಡದ್ದು ಬೇರೊಂದು. ಅವನ ಹಸಿವಿಗೆ ಅನ್ನ ಹಾಕಿದವಳು ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದ ಮನೆಯೊಡತಿ ಮರಿಯಾ. ಹಣ ಬಂದಾಗ ಅವಳಿಗೆ ಹೈನಿನ ಜಮೀನು ಕೊಡಿಸಿ ಋಣ ತೀರಿಸುತ್ತಾನೆ. ಆದರೆ ಅವಳಂಥವರ ನಡುವೆ ತನಗೂ ಒಂದು ಜಾಗವಿದೆಯೆಂದು ಅವನಿಗೆ ತೋರುವುದೇ ಇಲ್ಲ.

ಇನ್ನೊಂದು ತಕರಾರು ಎರಡೂ ಪುಸ್ತಕಗಳ ಮೇಲಿದೆ. ಗಂಡಸಿನ ಬಿಡುಗಡೆಯ ದಾರಿಯಲ್ಲಿ ಹೆಣ್ಣು ಒಂದು ನಿಲ್ದಾಣ ಮಾತ್ರವೆ? ರೂಥ್ ಕೊನೆಗೆ ತಾನಾಗಿ ಮಾರ್ಟಿನ್‌ನ ಕೋಣೆಗೆ ಬರುತ್ತಾಳೆ. ಹೊರಗೆ ಕತ್ತಲಲ್ಲಿ ಅವಳ ತಮ್ಮ ಕಾದು ನಿಂತಿರುತ್ತಾನೆ. ಒಬ್ಬಳೇ ಬರುವ ಸ್ವಾತಂತ್ರ್ಯವೂ ಇಲ್ಲದವಳ ಮುಕ್ತಿಯ ಕಥೆಯನ್ನು ಬರೆಯುವವರು ಬೇರೆಯೇ ಬರಬೇಕಾಯಿತು.

ಆದ್ದರಿಂದ ‘ಮುಕ್ತಿ’ ಕಪಾಟಿನಲ್ಲೇ ಇರಲೆಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಓದಿ ಬಂದು ಜಗಳಾಡಲಿ. ‘ಮಾರ್ಟಿನ್ ಈಡನ್’ ನಮ್ಮಲ್ಲಿರುವುದು ಇಂಗ್ಲಿಷ್ ಪ್ರತಿ. ಪ್ರತಿ ಭಾನುವಾರ ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ. ಹೆಣ್ಣುಮಕ್ಕಳಿಗೂ ಬರಲು ಅನುಕೂಲವಾಗಲೆಂದು ರಾತ್ರಿಯ ಬದಲು ಮಧ್ಯಾಹ್ನ 3 ಗಂಟೆಗೆ ಇಟ್ಟಿದ್ದೇವೆ.